ಕಾಯಿ ಹಣ್ಣಾಗುವ ಆಟ



ಇಂದು ಆಟದ ವಿಷಯ ಮಾತನಾಡುತ್ತೇವೆ ಎಂದು ನಾವು ಹೇಳಿದಾಗ ನಿಮ್ಮಲ್ಲಿ ಕೆಲವರು ಮುಗುಳ್ನಕ್ಕಿರಿ. ಮಠಕ್ಕೂ ಆಟಕ್ಕೂ ಏನು ಸಂಬಂಧ ಎಂದು ನಿಮಗೆ ಅನಿಸಿರಬಹುದು. ನಮ್ಮ ಮಠದ ಹೊರಜಗಲಿಯಲ್ಲಿ ಹಾಸಿರುವ ಚಪ್ಪಡಿ ಕಲ್ಲನ್ನು ನೋಡಿದ್ದೀರಾ? ದಿನವೂ ಅದರ ಮೇಲೆಯೇ ಕುಳಿತು ಏಳುತ್ತೀರಿ. ಆ ಕಲ್ಲಿನ ಮೇಲೆ ಹುಲಿ ಕುರಿ ಆಟದ ಗೆರೆಗಳಿವೆ. ಕುಳಿತು ಕುಳಿತು, ಕಾಯಿ ನಡೆಸಿ ನಡೆಸಿ ಗೆರೆಯೆಲ್ಲ ನುಣುಪಾಗಿದೆ. ಹಂಪಿಗೆ ಹೋದರೆ ಅಲ್ಲಿಯ ಮಂಟಪಗಳ ನೆಲದಲ್ಲಿಯೂ ಇಂಥ ಗೆರೆಗಳನ್ನು ಕಾಣುತ್ತೀರಿ. ಅಲ್ಲಿ ದೊಡ್ಡ ದೊಡ್ಡ ಕಂಬಗಳನ್ನು ನಿಲ್ಲಿಸಿ ಕಟ್ಟಿಸಿದ ಅರಸರು ಯಾರು ಎಂಬುದನ್ನು ಶಾಸನ ಹೇಳುತ್ತದೆ. ನೆಲದ ಮೇಲೆ ಕುಳಿತು ಆಟದ ಮನೆ ಕೊರೆದವರ ಹೆಸರು ಮಾತ್ರ ಯಾವ ಶಾಸನದಲ್ಲಿಯೂ ಇಲ್ಲ. ಕಾವಲುಗಾರನೋ, ಯಾತ್ರಿಕನೋ, ಮಳೆಗೆ ಸಿಕ್ಕಿ ಒಳಗೆ ಬಂದ ದನಗಾಹಿಯೋ, ಯಾರೋ ಇಬ್ಬರು ಎದುರುಬದುರಾಗಿ ಕುಳಿತಿದ್ದರು. ಅಷ್ಟಂತೂ ನಿಜ.

ಎದುರುಬದುರಾಗಿ ಕುಳಿತಿದ್ದರು ಎಂಬ ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿರಿ.

ನಮ್ಮ ಹಿರಿಯರು ಆಟಕ್ಕೆ ಎಂಥ ಮಾತುಗಳನ್ನು ಕೊಟ್ಟಿದ್ದಾರೆ ನೋಡಿ! ನಡೆಸುವ ವಸ್ತುವಿಗೆ ಕಾಯಿ ಎಂದರು. ಅದು ನಿಲ್ಲುವ ಜಾಗಕ್ಕೆ ಮನೆ ಎಂದರು. ಸುತ್ತೆಲ್ಲ ತಿರುಗಿ ನಡುಮನೆ ಸೇರಿತೆಂದರೆ ಕಾಯಿ ಹಣ್ಣಾಯಿತು ಎಂದರು. ಗೆದ್ದಿತು ಎನ್ನಲಿಲ್ಲ, ಹಣ್ಣಾಯಿತು ಎಂದರು. ಹೊಡೆತ ತಿಂದ ಕಾಯಿಯನ್ನಾದರೂ ಸತ್ತಿತು ಎಂದು ಬಿಸಾಡುವುದಿಲ್ಲ. ಅದು ಹೊರಟ ಮನೆಗೇ ಹಿಂತಿರುಗಿ ಮೊದಲಿನಿಂದ ನಡೆಯುತ್ತದೆ. ಕಾಯಿಗೆ ಹಣ್ಣಾಗುವ ಅವಕಾಶ ಕೊನೆಯವರೆಗೂ ಉಂಟು. ಇಷ್ಟನ್ನು ಒಂದು ಆಟದ ಮಾತಿನಲ್ಲಿ ಇಟ್ಟವರು ಓದು ಬರಹ ಬಾರದ ನಮ್ಮ ಅಜ್ಜಿಯರು.

ಚೌಕಾಬಾರ ನಿಮಗೆಲ್ಲ ಗೊತ್ತಿದೆ. ಸೀಮೆಸುಣ್ಣವೋ ಇದ್ದಿಲೋ ಸಿಕ್ಕರೆ ಸಾಕು, ಐದಕ್ಕೆ ಐದು, 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಟ್ಟನಡುವೆ ಒಂದು. ನಾಲ್ಕು ಕವಡೆ. ಎಷ್ಟು ಕವಡೆ ಮೇಲ್ಮುಖವಾಗಿ ಬೀಳುತ್ತವೆಯೋ ಅಷ್ಟು ಮನೆ ನಡೆಯಬೇಕು, ನಾಲ್ಕೂ ಬೋರಲು ಬಿದ್ದರೆ ಎಂಟು. ಕವಡೆ ಇಲ್ಲದ ಮನೆಯಲ್ಲಿ ಹುಣಸೆ ಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಬದಿ ಬೆಳ್ಳಗೆ ಮಾಡಿಕೊಳ್ಳುತ್ತಾರೆ. ಖರ್ಚು ಎಷ್ಟಾಯಿತು? ಒಂದು ಕಾಸೂ ಇಲ್ಲ.

ಇಲ್ಲಿ ಮಕ್ಕಳ ಮೇಷ್ಟರು ಯಾರಾದರೂ ಇದ್ದರೆ ಈ ಬೀಜದಿಂದಲೇ ಗಣಿತ ಹೇಳಿಕೊಡಬಹುದು. ಎರಡೂ ಬದಿ ಬೀಳುವ ಸಂಭವ ಸಮ ಎಂದುಕೊಂಡರೆ ನಾಲ್ಕು ಬೀಜ ಬೀಳುವುದಕ್ಕೆ ಒಟ್ಟು 16 ಬಗೆ. ಅದರಲ್ಲಿ ಎರಡು ಬೀಳುವುದು ಆರು ಬಗೆಯಲ್ಲಿ. ಒಂದು ಬೀಳುವುದು ನಾಲ್ಕು ಬಗೆ, ಮೂರೂ ಅಷ್ಟೆ. ನಾಲ್ಕಕ್ಕೆ ಒಂದೇ ಬಗೆ, ಎಂಟಕ್ಕೂ ಒಂದೇ. ಹತ್ತು ದಿನ ಆಡಿದ ಹುಡುಗಿಗೆ ಇದು ಲೆಕ್ಕ ಮಾಡದೆಯೇ ಕೈಗೆ ಗೊತ್ತಾಗಿರುತ್ತದೆ. ತನ್ನ ಕಾಯಿಯನ್ನು ಎದುರಾಳಿಗಿಂತ ಎರಡು ಮನೆ ಮುಂದೆ ನಿಲ್ಲಿಸಲು ಅವಳು ಹಿಂಜರಿಯುತ್ತಾಳೆ. ಏನು ಕಾರಣ? ಎರಡು ಹೆಚ್ಚು ಬೀಳುತ್ತದೆ. ಪುಸ್ತಕದಲ್ಲಿ ಸಂಭವನೀಯತೆ ಎಂಬ ಪಾಠ ಬಂದಾಗ ಹೆದರುವ ಮಗು ನೆಲದ ಮೇಲೆ ಹೆದರುವುದಿಲ್ಲ.

ಹಲವು ಊರುಗಳಲ್ಲಿ ಇನ್ನೊಂದು ಕಟ್ಟಳೆಯಿದೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಒಬ್ಬ ತಾಯಿ ನಮ್ಮನ್ನು ಕೇಳಿದರು: "ಬುದ್ಧಿ, ಇನ್ನೊಬ್ಬರನ್ನು ಹೊಡೆದೇ ಹಣ್ಣಾಗಬೇಕೆ? ಇದು ಸರಿಯೆ?" ಒಳ್ಳೆಯ ಪ್ರಶ್ನೆ. ನಮಗೆ ತೋರುವುದು ಹೀಗೆ. ಪಟದಲ್ಲಿ ಅಡ್ಡಗೆರೆ ಹಾಕಿದ ಮನೆಗಳಿವೆ, ಅಲ್ಲಿ ಕುಳಿತ ಕಾಯನ್ನು ಯಾರೂ ಹೊಡೆಯುವಂತಿಲ್ಲ. ಈ ಕಟ್ಟಳೆ ಇಲ್ಲದಿದ್ದರೆ ಎಲ್ಲರೂ ಆ ಮನೆಯಿಂದ ಈ ಮನೆಗೆ ಬಚ್ಚಿಟ್ಟುಕೊಂಡು ಹೋಗಿ ಒಳಗೆ ಸೇರಿಬಿಡುತ್ತಿದ್ದರು. ಯಾರ ಗೊಡವೆಯೂ ಬೇಡ ಎಂದು ಅವಿತು ಹಣ್ಣಾಗಲು ಬರುವುದಿಲ್ಲ. ಬಯಲಿಗೆ ಬರಬೇಕು, ಎದುರಿನವನ ದಾರಿಗೆ ಸಿಗಬೇಕು, ತಾನೂ ಹೊಡೆಸಿಕೊಳ್ಳುವ ಅಪಾಯಕ್ಕೆ ಒಡ್ಡಿಕೊಳ್ಳಬೇಕು. ಸಂಸಾರಿಗಳಾದ ನಿಮಗೆ ಇದನ್ನು ನಾವು ವಿವರಿಸಿ ಹೇಳಬೇಕಿಲ್ಲ!

ಇನ್ನು ಹುಲಿ ಕುರಿ ಆಟ. ಇದರ ಮೇಲೆ ನಮಗೆ ಪ್ರೀತಿ ಸ್ವಲ್ಪ ಹೆಚ್ಚು, ಆದುದರಿಂದ ನಿಧಾನವಾಗಿ ಹೇಳುತ್ತೇವೆ. ಗೆರೆಗಳು ಕೂಡುವ 23 ಸ್ಥಾನ. ಹುಲಿ ಮೂರು, ಕುರಿ ಹದಿನೈದು. ಹುಲಿಯ ಪಕ್ಕದಲ್ಲಿ ಕುರಿಯಿದ್ದು ಅದರ ಬೆನ್ನಿಗೆ ನೇರವಾಗಿ ಜಾಗ ಖಾಲಿಯಿದ್ದರೆ ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ. ಕುರಿಗೆ ತಿನ್ನುವ ಅಧಿಕಾರವಿಲ್ಲ. ಹದಿನೈದು ಕುರಿಯನ್ನೂ ಒಂದೊಂದಾಗಿ ಇಟ್ಟು ಮುಗಿಯುವವರೆಗೆ ಅವು ಅಲುಗಾಡುವಂತೆಯೂ ಇಲ್ಲ. ಹೊಸದಾಗಿ ನೋಡಿದವರು, ಇದೇನು ಅನ್ಯಾಯ, ಹುಲಿಯೇ ಗೆಲ್ಲುತ್ತದಲ್ಲ ಎನ್ನುತ್ತಾರೆ. ಮಕ್ಕಳಂತೂ ಹುಲಿಯೇ ಬೇಕೆಂದು ಜಗಳಾಡುತ್ತಾರೆ.

ಆದರೆ ಕಟ್ಟೆಯ ಮೇಲೆ ಪಳಗಿದ ಮುದುಕರು ಸದ್ದಿಲ್ಲದೆ ಕುರಿ ಆರಿಸಿಕೊಳ್ಳುತ್ತಾರೆ. ಅವರಿಗೆ ಗೊತ್ತು, ಒಂದು ಕುರಿಯ ಬೆನ್ನಿಗೆ ಇನ್ನೊಂದು ಕುರಿ ನಿಂತರೆ ಹುಲಿ ಹಾರಲಾರದು. ಹುಲಿಯ ಬಲವೆಲ್ಲ ಇರುವುದು ಕುರಿಯ ಹಿಂದಿನ ಖಾಲಿ ಜಾಗದಲ್ಲಿ. ಆ ಜಾಗ ತುಂಬಿತೋ, ಹುಲಿ ಬರೀ ಒಂದು ಕಲ್ಲು. ಕುರಿಗಳು ಹುಲಿಯನ್ನು ಹೊಡೆಯುವುದಿಲ್ಲ, ಬೈಯುವುದೂ ಇಲ್ಲ. ಸುತ್ತಲೂ ನಿಂತುಕೊಳ್ಳುತ್ತವೆ, ಅಷ್ಟೆ. ಮೂರು ಹುಲಿಗೂ ನಡೆ ಇಲ್ಲದಾಯಿತೆಂದರೆ ಆಟ ಮುಗಿಯಿತು.

ಹುಲಿ ಆಡುವವನಿಗೂ ಕಲಿಯುವುದಿದೆ. ಆಸೆಪಟ್ಟು ಎದುರಿಗೆ ಸಿಕ್ಕ ಕುರಿಗೆ ಹಾರಿದ ಹುಲಿ ಮೂಲೆಗೆ ಹೋಗಿ ಸಿಕ್ಕಿಬೀಳುತ್ತದೆ. ಒಳ್ಳೆಯ ಆಟಗಾರ ಕುರಿಯನ್ನು ಬೇಕೆಂದೇ ಅಂಥ ಜಾಗದಲ್ಲಿಟ್ಟು ಹುಲಿಗೆ ಉಣಿಸಿ, ಅದು ಹಾರಿ ಬಂದ ದಾರಿಯನ್ನೇ ಮುಚ್ಚುತ್ತಾನೆ. ಆದುದರಿಂದ ನಾವು ಮಕ್ಕಳಿಗೆ ಹೇಳುವುದು, ಒಂದು ಸಲ ಹುಲಿಯಾದವರು ಮರುಸಲ ಕುರಿಯಾಗಿರಿ. ಎರಡೂ ಪಕ್ಷ ಸಮವಿಲ್ಲದ ಆಟದಲ್ಲಿ ಬದಿ ಬದಲಾಯಿಸದೆ ಗೆದ್ದೆ ಎನ್ನುವುದರಲ್ಲಿ ಅರ್ಥವಿಲ್ಲ. ಊರಿನಲ್ಲಿ ಹುಲಿಯಾಗಿಯೇ ಇದ್ದು ಅಭ್ಯಾಸವಾದ ಯಜಮಾನರು ಕೆಲವರು ಇಲ್ಲಿ ಕುಳಿತಿದ್ದೀರಿ, ನೀವೂ ಒಮ್ಮೆ ಕುರಿ ಹಿಡಿದು ನೋಡಿರಿ.

ಅಳಗುಳಿಮಣೆಯನ್ನು ತಾಯಂದಿರು ಮರೆತಿಲ್ಲ ಎಂದು ನಂಬಿದ್ದೇವೆ. ಕರಾವಳಿಯಲ್ಲಿ ಇದಕ್ಕೆ ಚೆನ್ನೆಮಣೆ ಎಂದು ಹೆಸರು. ತುಳುನಾಡಿನಲ್ಲಿ ಆಟಿ ತಿಂಗಳಿನಲ್ಲಿ, ಹೊರಗೆ ಜಡಿಮಳೆ ಸುರಿಯುವಾಗ, ಮಣೆಯನ್ನು ಕೆಳಗಿಳಿಸುತ್ತಾರೆ. ಈ ಕಡೆ ಏಳು ಗುಳಿ, ಆ ಕಡೆ ಏಳು. ಗುಳಿಗೆ ನಾಲ್ಕೋ ಐದೋ ಬೀಜ, ಊರಿನ ರೂಢಿಯಂತೆ. ಒಂದು ಗುಳಿಯ ಬೀಜವನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು, ನಮ್ಮದಕ್ಕೂ ಹಾಕಬೇಕು, ಎದುರಿನವರದಕ್ಕೂ ಹಾಕಬೇಕು. ಕೈ ಬರಿದಾದ ಕಡೆ ಮುಂದಿನ ಗುಳಿಯಿಂದ ಎತ್ತಿ ಮತ್ತೆ ಹಂಚಬೇಕು. ಮುಂದಿನದು ಬರಿಗುಳಿಯಾದರೆ ಅದರಾಚೆಗಿನ ಗುಳಿಯಲ್ಲಿರುವುದು ನಮ್ಮದಾಗುತ್ತದೆ. ಇಂಥ ಆಟ ಆಫ್ರಿಕಾ ಖಂಡದ ದೇಶಗಳಲ್ಲಿಯೂ ಬಹಳ ಇದೆ. ನೋಡಿ, ಯಾವ ಆಟವನ್ನೇ ತೆಗೆದುಕೊಳ್ಳಿ, ಗೆಲ್ಲಬೇಕಾದರೆ ಕೂಡಿಡಬೇಕು ಎಂದುಕೊಳ್ಳುತ್ತೇವೆ. ಇಲ್ಲಿ ಕೈಯಲ್ಲಿದ್ದುದನ್ನು ಹಂಚದೆ ಒಂದು ನಡೆಯೂ ಇಲ್ಲ. ಎದುರಿನವರ ಗುಳಿಗೆ ಹಾಕುವಾಗ ಕೈ ಹಿಂದೆಗೆಯುವ ಮಗುವನ್ನು ನಾವು ನೋಡಿದ್ದೇವೆ. ಹಾಕಬೇಕು ಕಂದ, ಹಾಕದಿದ್ದರೆ ನಿನ್ನ ಆಟವೇ ಮುಂದೆ ಹೋಗುವುದಿಲ್ಲ.

ಒಂದು ಆಟ ಮುಗಿದ ಮೇಲೆ ಹಲವು ಕಡೆ ಹೀಗೊಂದು ಪದ್ಧತಿ. ಸೋತವರು ತಮ್ಮಲ್ಲಿ ಉಳಿದ ಬೀಜಕ್ಕೆ ಎಷ್ಟು ಗುಳಿ ತುಂಬುತ್ತದೆಯೋ ಅಷ್ಟನ್ನೇ ತುಂಬಿ, ಉಳಿದ ಗುಳಿ ಬಿಟ್ಟು ಮುಂದಿನ ಆಟ ಆಡುತ್ತಾರೆ. ಎರಡೇ ಗುಳಿ ಉಳಿದ ಹೆಂಗಸು ಅಲ್ಲಿಂದ ಮೇಲೆ ಬಂದು ಏಳನ್ನೂ ತುಂಬಿದ್ದುಂಟು. ಬಡತನ ಬಂತೆಂದು ಮಣೆ ಬಿಟ್ಟು ಏಳಲಿಲ್ಲ.

ಹಾವು ಏಣಿ ಆಟವನ್ನು ಪೇಟೆಯಿಂದ ತರುತ್ತೀರಿ. ಅದು ಹುಟ್ಟಿದ್ದು ಇಲ್ಲಿಯೇ. ಪರಮಪದ ಸೋಪಾನ ಪಟ ಎಂದು ಹೆಸರು. ಮನೆಮನೆಗೂ ಒಂದೊಂದು ಗುಣದ ಹೆಸರು, ಸದ್ಗುಣದಲ್ಲಿ ಏಣಿ, ದುರ್ಗುಣದಲ್ಲಿ ಹಾವು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅದು ಇಂಗ್ಲೆಂಡಿಗೆ ಹೋಯಿತು, ಬರಬರುತ್ತ ಗುಣಗಳ ಹೆಸರೆಲ್ಲ ಅಳಿಸಿ ಬರೀ ಅಂಕಿ ಉಳಿದವು. ಪಚ್ಚೀಸಿಯೂ ಹಾಗೆಯೇ ಹೋಗಿ ಲೂಡೊ ಆಗಿ ಮರಳಿತು. ಇರಲಿ, ಹಾವು ಏಣಿಯಲ್ಲಿ ಬುದ್ಧಿಗೆ ಕೆಲಸ ಕಡಿಮೆ, ದಾಳ ಬಿದ್ದಂತೆ. ಚಿಕ್ಕ ಮಕ್ಕಳಿಗೆ ಅಂಕಿ ಕಲಿಯುವುದಕ್ಕೆ ಒಳ್ಳೆಯದು, ಅಷ್ಟು ಸಾಕು.

ಆಟದ ವಿಷಯದಲ್ಲಿ ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮರೆಯಬಾರದು. 1794ರಲ್ಲಿ ಹುಟ್ಟಿ 1868ರವರೆಗೆ ಬಾಳಿದವರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. ಸಿಂಹಾಸನವಿತ್ತು, ಆಳುವ ಅಧಿಕಾರವಿರಲಿಲ್ಲ. ಅಂಥ ಕಾಲದಲ್ಲಿ ಬೇರೊಬ್ಬರಾದರೆ ಕೊರಗಿ ಕೂರುತ್ತಿದ್ದರೇನೋ. ಅವರು ಸಂಗೀತ, ಸಾಹಿತ್ಯಗಳ ಜೊತೆಗೆ ಆಟಗಳನ್ನೂ ಶಾಸ್ತ್ರದಂತೆ ನೋಡಿದರು. ಅವರು ಸಿದ್ಧಗೊಳಿಸಿದ ಶ್ರೀತತ್ತ್ವನಿಧಿ ಎಂಬ ಮಹಾಗ್ರಂಥದಲ್ಲಿ ಕೌತುಕನಿಧಿ ಎಂಬ ಭಾಗವೇ ಆಟಗಳಿಗೆ ಮೀಸಲು. ಚದುರಂಗದ ಕುದುರೆಯನ್ನು 64 ಮನೆಯಲ್ಲಿಯೂ ಒಂದೊಂದೇ ಸಲ ನಡೆಸುವ ವಿದ್ಯೆಯಲ್ಲಿ ಅವರು ನಿಪುಣರಾಗಿದ್ದರು. ಈಗ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಹಾಸು, ಮಣೆ, ಕಾಯಿಗಳನ್ನು ಮತ್ತೆ ಮಾಡಿಸಿ ಪ್ರದರ್ಶನ ನಡೆಸಿದ್ದಾರೆ. ಮೈಸೂರಿಗೆ ಹೋದಾಗ ಅರಮನೆಯ ಜೊತೆಗೆ ಇದನ್ನೂ ವಿಚಾರಿಸಿರಿ.

ಆ ಚದುರಂಗ ನಮ್ಮ ನೆಲದಿಂದ ಪರ್ಷಿಯಕ್ಕೆ, ಅಲ್ಲಿಂದ ಅರಬರಿಗೆ, ಆಮೇಲೆ ಯುರೋಪಿಗೆ ಹೋಗಿ ಚೆಸ್ ಆಯಿತು. 2024ರ ಡಿಸೆಂಬರಿನಲ್ಲಿ ಚೆನ್ನೈನ ಗುಕೇಶ್ ಎಂಬ ಹುಡುಗ ಸಿಂಗಪುರದಲ್ಲಿ ಚೀನಾದ ಡಿಂಗ್ ಲಿರೆನ್ ಅವರನ್ನು ಸೋಲಿಸಿ 18ನೆಯ ವಯಸ್ಸಿಗೆ ಜಗಜ್ಜೇತನಾದ. ಪತ್ರಿಕೆಯಲ್ಲಿ ಓದಿ ನಮ್ಮ ಹಾಸ್ಟೆಲಿನ ಹುಡುಗರು ಕುಣಿದಾಡಿದರು. ನಾವು ಅವರಿಗೆ ಹೇಳಿದೆವು, ಗೆದ್ದವನ ಕಣ್ಣೀರು ನೋಡಿದಿರಿ, ಸೋತವರು ಕೈ ನೀಡಿದ್ದನ್ನೂ ನೋಡಿದಿರಾ? ಚೆಸ್‌ನಲ್ಲಿ ಸೋತವನು ತಾನೇ ಮುಂದಾಗಿ ಕೈ ಕುಲುಕಬೇಕು. ಅದು ಆಟದ ಕೊನೆಯ ನಡೆ.

ಈಗ ಮುಖ್ಯವಾದ ಮಾತಿಗೆ ಬರೋಣ. ಮನೆಯಲ್ಲಿ ಹಿರಿಯರಿಗೂ ಕಿರಿಯರಿಗೂ ಒಂದೇ ಕಾಯಿದೆ ಇರುವ ಜಾಗ ಎಷ್ಟಿದೆ? ಊಟಕ್ಕೆ ಕುಳಿತರೆ ಅಪ್ಪನ ಜಾಗ ಬೇರೆ. ಮಾತಿಗೆ ನಿಂತರೆ ಸುಮ್ಮನಿರು ನೀನು ಚಿಕ್ಕವನು ಎನ್ನುತ್ತೇವೆ. ಆಟದ ಹಾಸಿನ ಮೇಲೆ ಮಾತ್ರ ಅಜ್ಜಿಯ ಕಾಯಿಗೂ ಮೊಮ್ಮಗಳ ಕಾಯಿಗೂ ಭೇದವಿಲ್ಲ. ಮಗು ಅಲ್ಲಿ ನಿಮ್ಮ ಗುಣವನ್ನು ಓದುತ್ತಿರುತ್ತದೆ. ಸೋಲುವಾಗ ಅಪ್ಪನ ಮುಖ ಹೇಗಿತ್ತು, ಕವಡೆ ಸರಿಸಿದನೋ, ಮಾತು ತಿರುಗಿಸಿದನೋ, ಎಲ್ಲವನ್ನೂ ಓದುತ್ತದೆ.

ಕೆಲವರು ಮಗು ಅಳುತ್ತದೆಂದು ಬೇಕೆಂದೇ ಸೋಲುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಇದು ಒಳ್ಳೆಯದಲ್ಲ. ನಮ್ಮ ಮಠಕ್ಕೆ ನಡೆದುಕೊಳ್ಳುವ ಒಂದು ಮನೆಯಲ್ಲಿ ಏಳು ವರ್ಷದ ಹುಡುಗ ತಾತನೊಂದಿಗೆ ದಿನವೂ ಆಡಿ ದಿನವೂ ಗೆಲ್ಲುತ್ತಿದ್ದ. ಒಂದು ದಿನ ಹಾಸು ಮಡಿಸಿಟ್ಟು, "ತಾತ, ನೀವು ನನ್ನ ಜೊತೆ ಆಡೋದೇ ಇಲ್ಲ" ಎಂದನಂತೆ. ಎಂಥ ಮಾತು ನೋಡಿ! ಆ ತಾತ ದಿನವೂ ಎದುರಿಗೆ ಕುಳಿತಿದ್ದರು, ಹುಡುಗನಿಗೆ ಮಾತ್ರ ತನ್ನ ಎದುರು ಯಾರೂ ಇಲ್ಲವೆಂದು ತಿಳಿದುಹೋಗಿತ್ತು. ಮಗು ಚಿಕ್ಕದು, ನಿಮ್ಮ ಬಲ ಹೆಚ್ಚು ಎಂದಾದರೆ ಆಟಕ್ಕೆ ಮೊದಲೇ ಎಲ್ಲರೆದುರು ಬಲ ತಗ್ಗಿಸಿಕೊಳ್ಳಿರಿ. ಚೆಸ್ ಆದರೆ ನಿಮ್ಮ ಒಂದು ಆನೆಯನ್ನು ತೆಗೆದಿಟ್ಟು ಶುರುಮಾಡಿ. ಅಳಗುಳಿಯಾದರೆ ಎರಡು ಗುಳಿ ಬಿಟ್ಟುಕೊಡಿ. ಆಮೇಲೆ ಪೂರ್ತಿ ಮನಸ್ಸಿಟ್ಟು ಆಡಿರಿ. ಆ ಮಗು ಒಂದು ದಿನ ನಿಜವಾಗಿ ಗೆಲ್ಲುತ್ತದೆ. ಆ ದಿನ ಅದರ ಮುಖ ನೋಡಬೇಕು ನೀವು.

ಆಟ ಏನು ಕಲಿಸುತ್ತದೆ ಎಂಬುದು ನಾವು ಅದನ್ನು ಹೇಗೆ ಆಡುತ್ತೇವೆ ಎಂಬುದರ ಮೇಲೆಯೂ ನಿಂತಿದೆ. ಪೇಟೆಯಲ್ಲಿ ಬಿಸಿನೆಸ್ ಎಂಬ ಆಟ ಸಿಗುತ್ತದೆ, ಊರು ಕೊಳ್ಳುವುದು, ಮನೆ ಕಟ್ಟುವುದು, ಬಂದವರಿಂದ ಬಾಡಿಗೆ ಕೀಳುವುದು. ಇದರ ಮೂಲ ಅಮೆರಿಕದ್ದು. ಎಲಿಜಬೆತ್ ಮ್ಯಾಗಿ ಎಂಬ ಹೆಣ್ಣುಮಗಳು ಭೂಮಿಯೆಲ್ಲ ಕೆಲವರ ಕೈ ಸೇರಿದರೆ ಉಳಿದವರ ಗತಿ ಏನಾಗುತ್ತದೆ ಎಂದು ತೋರಿಸಲು ಜಮೀನ್ದಾರನ ಆಟವೊಂದನ್ನು ಕಟ್ಟಿದಳು. 1904ರಲ್ಲಿ ಅದಕ್ಕೆ ಪೇಟೆಂಟ್ ಪಡೆದಳು. 1935ರಲ್ಲಿ ಅದೇ ಬಗೆಯ ಆಟ ಮೊನಾಪಲಿ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದು ಲೋಕವನ್ನೆಲ್ಲ ಸುತ್ತಿತು. ಯಾವ ಕೇಡನ್ನು ತೋರಿಸಿ ಎಚ್ಚರಿಸಲು ಆಕೆ ಹೊರಟಳೋ ಅದನ್ನೇ ಮಾಡಿ ಮಕ್ಕಳು ಕೇಕೆ ಹಾಕುತ್ತಾರೆ. ಆಡಬೇಡಿ ಎನ್ನುವುದಿಲ್ಲ. ಆಡಿ ಮುಗಿದ ಮೇಲೆ ದಿವಾಳಿಯಾದ ಹುಡುಗನನ್ನು, ನಿನಗೆ ಹೇಗನಿಸಿತಪ್ಪ ಎಂದು ಒಂದು ಮಾತು ಕೇಳಿರಿ.

ಕಳೆದ ವರ್ಷ ಭಕ್ತರೊಬ್ಬರು ಬಂದು ನಮ್ಮ ಮುಂದೆ ಅತ್ತರು. ಓದಿದ ಮಗ, ಕೆಲಸವೂ ಇತ್ತು. ಫೋನಿನಲ್ಲಿ ದುಡ್ಡು ಕಟ್ಟಿ ಇಸ್ಪೀಟು ಆಡಿ ಸಾಲ ಮಾಡಿ ಹೊಲದ ಪತ್ರ ಅಡವಿಟ್ಟಿದ್ದ. ಆ ತಂದೆ ಕೇಳಿದರು: "ಬುದ್ಧಿ, ಮನೆಯಲ್ಲಿ ನಮ್ಮಪ್ಪನ ಕಾಲದ ಪಗಡೆ ಹಾಸು ಇದೆ. ಅದನ್ನೂ ಒಲೆಗೆ ಹಾಕಿಬಿಡಲೆ?" ಬೇಡಪ್ಪ ಎಂದೆವು. ಪಗಡೆ ಹಾಸು ಏನು ಪಾಪ ಮಾಡಿದೆ? 96 ಮನೆ, 16 ಕಾಯಿ, ಸಂಜೆಯಿಡೀ ಆಡಿ ಸೋತವನು ಎದ್ದಾಗ ಅವನ ಹೊಲ ಹೊಲವಾಗಿಯೇ ಇರುತ್ತದೆ. ಪರಶಿವನೂ ಪಾರ್ವತಿಯೂ ಪಗಡೆಯಾಡುವ ಶಿಲ್ಪ ಎಲ್ಲೋರದ ಗುಹೆಗಳಲ್ಲಿದೆ. ಜೂಜು ಬೇರೆ. ತಾರೆಕಾಯಿಯ ದಾಳದಲ್ಲಿ ಮನೆ ಕಳೆದುಕೊಂಡವನ ಅಳಲು ಋಗ್ವೇದದಷ್ಟು ಹಿಂದೆಯೇ ಇದೆ. ಧರ್ಮರಾಯನ ಕಥೆ ನಿಮಗೆ ಗೊತ್ತು, ಅವನಿಗೆ ಏಳಬೇಕಾದ ಹೊತ್ತು ತಿಳಿಯಲಿಲ್ಲ. ಅವನ ಎದುರಿಗೆ ಶಕುನಿಯಾದರೂ ಕುಳಿತಿದ್ದ. ಈ ಹುಡುಗನ ಎದುರಿಗೆ ಯಾರಿದ್ದರು? ಗೆದ್ದವರ ಮುಖವನ್ನು ಅವನು ನೋಡಲೇ ಇಲ್ಲ, ಅವನ ಮುಖವನ್ನೂ ಯಾರೂ ನೋಡಲಿಲ್ಲ. ನೋಡಿದ್ದರೆ, ಸಾಕು ಏಳಪ್ಪ ಎನ್ನುತ್ತಿದ್ದರು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ ಆಯಿತು. ಆದರೆ ಕಾಯಿದೆ ಬಂದು ನಿಮ್ಮ ಮಗನ ಎದುರು ಕೂರುವುದಿಲ್ಲ.

ನಾವು ಆ ತಂದೆಯನ್ನು ಒಂದು ಪ್ರಶ್ನೆ ಕೇಳಿದೆವು: "ಆ ಹಾಸನ್ನು ಬಿಡಿಸಿ ಮಗನ ಜೊತೆ ಎಂದಾದರೂ ಕುಳಿತಿದ್ದಿರಾ?" ಅವರು ಬಹಳ ಹೊತ್ತು ಮಾತನಾಡಲಿಲ್ಲ. ಈಗ ಕುಳಿತುಕೊಳ್ಳುತ್ತಿದ್ದಾರೆ. ಸಾಲ ಇನ್ನೂ ತೀರಿಲ್ಲ, ತೀರುತ್ತಿದೆ. ಮಗ ಮೊದಮೊದಲು ಬರುತ್ತಿರಲಿಲ್ಲವಂತೆ. ಅವನ ತಂಗಿಯೂ ತಾಯಿಯೂ ಕುಳಿತು ನಗುವುದನ್ನು ಕೇಳಿ ಒಂದು ರಾತ್ರಿ ತಾನಾಗಿ ಬಂದು, "ನಾಲ್ಕನೆಯವನು ಬೇಕಲ್ಲ" ಎಂದನಂತೆ.

ದಿನವೂ ಆಡಿ ಎಂದು ನಾವು ಹೇಳುವುದಿಲ್ಲ. ಕಾಯಕವಿದೆ, ಓದಿದೆ, ಹೊಲ ಗದ್ದೆಯಿದೆ. ವಾರಕ್ಕೊಂದು ಸಂಜೆ ಸಾಕು. ಫೋನುಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿ, ಅಪ್ಪನದನ್ನು ಮೊದಲು ಹಾಕಿ. ಆಟಕ್ಕೆ ಮುಂಚೆಯೇ ಕಟ್ಟಳೆಗಳನ್ನು ಎಲ್ಲರೂ ಕೂಡಿ ಒಪ್ಪಿಕೊಳ್ಳಿರಿ. ತವರೂರಿನಲ್ಲಿ ಹೀಗೆ, ನಮ್ಮೂರಿನಲ್ಲಿ ಹಾಗೆ ಎಂದು ನಡುವೆ ಜಗಳ ಬೇಡ. ನೆಲದ ಮೇಲೆ ಕೂರಲಾಗದ ಹಿರಿಯರಿಗೆ ಹಾಸನ್ನು ಮಂಚದ ಮೇಲೆ ಬಿಡಿಸಿ. ಕೈ ನಡುಗುವವರ ಕವಡೆಯನ್ನು ಮೊಮ್ಮಕ್ಕಳು ಎಸೆಯಲಿ, ಕಾಯಿ ನಡೆಸುವುದು ಮಾತ್ರ ಅವರೇ ಹೇಳಲಿ.

ಇಂದು ಪ್ರಸಾದವಾದ ಮೇಲೆ ಹೊರಜಗಲಿಯಲ್ಲಿಯೂ ಸಭಾಮಂಟಪದಲ್ಲಿಯೂ ಹಾಸುಗಳನ್ನು ಹಾಕಿಸಿದ್ದೇವೆ. ಅಳಗುಳಿಮಣೆ ನಾಲ್ಕಿವೆ, ತಾಯಂದಿರು ಸರದಿಯ ಮೇಲೆ ತೆಗೆದುಕೊಳ್ಳಿರಿ. ಬೀಜ ಸಾಲದಿದ್ದರೆ ದಾಸೋಹದ ಮನೆಯಲ್ಲಿ ಕೇಳಿ, ಹುಣಸೆ ಬಿಡಿಸಿದ ಬೀಜ ಒಂದು ಮೊರ ತೆಗೆದಿರಿಸಿದ್ದಾರೆ. ಹುಲಿ ಕುರಿಗೆ ಕುಳಿತುಕೊಳ್ಳುವವರು ಜಗಲಿಗೆ ಬನ್ನಿ, ಕುರಿಗಳನ್ನು ನಾವು ಹಿಡಿಯುತ್ತೇವೆ.